ಟಪಾಲು ವಿಮಾನದ ಎಡಚಕ್ರ

ಮ್ಯೂಸಿಯಂ ಬಾಗಿಲು ತೆಗೆಯುವ ಮೊದಲು ಹುಲಿಗೆಮ್ಮ ಹಳೆಯ ಟಪಾಲು ವಿಮಾನದ ಎಡಚಕ್ರಕ್ಕೆ ಗಾಳಿ ಹೊಡೆಯುತ್ತಾಳೆ. ಸ್ವಲ್ಪ ಹೊತ್ತಿಗೇ ಅದು ಮತ್ತೆ ಚಪ್ಪಟೆ. ವಿಮಾನದ ಹೊಟ್ಟೆಯಲ್ಲಿ, ಎಡಮಗ್ಗುಲಿಗೆ, ಒಂದು ಕಾಗದ ಉಳಿದುಬಿಟ್ಟಿದೆ. ನಾಲ್ಕು ಆಳು ಸೇರಿದರೂ ಅದನ್ನು ಎತ್ತಲಾಗಿಲ್ಲ. ಬರೆಯುವವರು ಎಷ್ಟು ಮಾತು ನುಂಗಿಕೊಳ್ಳುತ್ತಾರೋ ಕಾಗದ ಅಷ್ಟು ಭಾರ. ಸಂಬಂಧಪಟ್ಟವರ ಕೈಗಷ್ಟೇ ಅದು ಬಿಚ್ಚಿಕೊಳ್ಳುತ್ತದೆ. ಇದು ಯಾರಿಗೆ ಗೊತ್ತಿಲ್ಲ? ಮೇಲಿನವರು ವರ್ಷಕ್ಕೊಂದು ಹೊಸ ಟೈರು ಕಳಿಸಿ ಸುಮ್ಮನಾಗುತ್ತಾರೆ.

ಇವತ್ತು ಕೋಲೂರಿಕೊಂಡು ಅಂಬಕ್ಕ ಎಂಬ ಮುದುಕಿ ಬಂದಳು. ಆ ಕಾಗದದ ವಿಳಾಸದಲ್ಲಿದ್ದ ಹೆಸರು ಅವಳ ತಾಯಿಯದು.

"ಕರಾಚಿಗೆ ದುಡಿಯಾಕ ಹೋಗಿದ್ದ ನಮ್ಮಪ್ಪ ಬರೆದದ್ದವ್ವಾ. ಆಮ್ಯಾಲೆ ಆತ ಬರಲೇ ಇಲ್ಲ."

ಹುಲಿಗೆಮ್ಮ ಅವಳ ಕೈಹಿಡಿದು ಏಣಿ ಹತ್ತಿಸಿದಳು. ಅಂಬಕ್ಕ ಬಗ್ಗಿ, ಲಕೋಟೆಯನ್ನು ಇದ್ದಲ್ಲೇ ಬಿಡಿಸಿ ಓದಿದಳು: "ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು."

"ಇಷ್ಟೇ ಏನವ್ವಾ?" ಎಂದಳು ಹುಲಿಗೆಮ್ಮ.

"ಇಷ್ಟೇ ಐತಿ." ಮುದುಕಿ ಕಣ್ಣೊರೆಸಿಕೊಂಡಳು. "ಏನಾಗಿತ್ತೋ ಏನೋ. ಒಂದ್ ಮಾತು ಬರೆದಿದ್ರ ನಮ್ಮವ್ವ ನಡಕೊಂಡಾದ್ರೂ ಹೋಗ್ತಿದ್ಲು."

ಕಾಗದ ಅವಳ ಕೈಯಲ್ಲಿ ಹಗುರಾಗಿ ಎದ್ದುಬಂತು. ಕೆಳಗೆ ಎಡಚಕ್ರ ಉಬ್ಬಿಕೊಂಡಿತು. ವಿಮಾನ ನೆಟ್ಟಗೆ ನಿಂತಿತು.

ಅಂಬಕ್ಕ ಹೋದ ಮೇಲೆ ಹುಲಿಗೆಮ್ಮ ಬೆಳಗಿನಿಂದ ಹೆಗಲು ಜಗ್ಗುತ್ತಿದ್ದ ತನ್ನ ಚೀಲದಿಂದ ಒಂದು ಕಾರ್ಡನ್ನು ಎರಡೂ ಕೈಯಲ್ಲಿ ಹೊರಗೆಳೆದಳು. ತವರಿಗೆ ಹಾಕಬೇಕೆಂದು ಬರೆದಿಟ್ಟದ್ದು. 'ಅವ್ವಾ, ನಾನು ಕ್ಷೇಮ' ಎಂದಷ್ಟೇ ಅದರಲ್ಲಿತ್ತು. ಟಿಕೆಟ್ ಕೌಂಟರಿನ ಪೆನ್ನು ತಂದು ಕೆಳಗೆ ಸೇರಿಸಿದಳು:

'ಎದಿಯಾಗ ಗಂಟು ಆಗೇತಿ. ಸೋಮವಾರ ಆಪರೇಷನ್. ನೀ ಬಾ.'