ಇಪ್ಪತ್ನಾಲ್ಕು ಕಡ್ಡಿ

ಒಂದಾನೊಂದು ಊರಿನಲ್ಲಿ ಕತೆ ಹೇಳುತ್ತಲೇ ಬುಟ್ಟಿ ಹೆಣೆಯುವ ಅಜ್ಜಿಯೊಬ್ಬಳಿದ್ದಳು, ಆಕೆ ನಮ್ಮಜ್ಜಿ. ಅಜ್ಜ ತೀರಿಕೊಂಡ ದಿನದಿಂದ ಆಕೆ ಒಂದು ಮಾತೂ ಆಡಿರಲಿಲ್ಲ. "ಗಂಟಲಿಗೇನೂ ಆಗಿಲ್ಲ, ಮಾತು ತಾನಾಗಿಯೇ ಬರಬೇಕು" ಎಂದಿದ್ದರು ಡಾಕ್ಟರು.

ಮೇದಾರರ ಸಂಘದ ಲೇಬಲ್‌ಗೆ ಬುಟ್ಟಿಯ ಚಿತ್ರ ಬರೆದುಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅಜ್ಜಿಯ ಮಗ್ಗುಲಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ನಿಲುವು ಕಡ್ಡಿಗಳನ್ನು ಎಳೆದು, ಬಿದಿರಿನ ಅಡ್ಡ ಸೀಳುಗಳನ್ನು ಹೆಣೆದು, ನೆರಳು ತುಂಬತೊಡಗಿದೆ.

ಅಮ್ಮ ಇಣುಕಿದಳು. "ಎಷ್ಟೇ ಕಡ್ಡಿ?"

"ಇಪ್ಪತ್ನಾಲ್ಕು."

"ಅಯ್ಯೋ, ಸಮಸಂಖ್ಯೆ! ಪ್ರತಿ ಸುತ್ತಿಗೂ ಸೀಳು ಅದದೇ ಕಡ್ಡಿ ಮೇಲೆ ಬೀಳುತ್ತೆ, ಹೆಣಿಗೆ ನಿಲ್ಲಲ್ಲ. ಮೇದಾರ್ ಮನೆ ಹುಡುಗಿಯಾಗಿ ಸಂಘದೋರ ಮುಂದೆ ಮಾನ ಕಳೀತೀಯಾ?"

"ಚಿತ್ರದ ಬುಟ್ಟೀಲಿ ಯಾರಮ್ಮ ರಾಗಿ ತುಂಬ್ತಾರೆ?" ಎಂದು ನೆರಳನ್ನು ಇನ್ನಷ್ಟು ಗಾಢ ಮಾಡಿದೆ.

"ಸಂಜೆಗೇ ಕೊಡ್ಬೇಕಲ್ವೇನೇ? ಅಳಿಸೇ!" ಅಮ್ಮ ಕೂಗಿದಳು.

ನಾನು ಅಳಿಸಲಿಲ್ಲ. ಅಜ್ಜಿಯ ಕಣ್ಣು ಪರದೆಗೆ ಅಂಟಿತ್ತು. ತುಟಿ ಅದುರಿತು.

"ಒಂದ್ ಕಡ್ಡಿ ಕಿತ್ತಾಕೇ, ಪೆದ್ದಿ!"

ಅಮ್ಮ ಬಾಗಿಲಿಗೊರಗಿ ಅತ್ತುಬಿಟ್ಟಳು. ನಾನು ಅಜ್ಜಿ ಹೇಳಿದಂತೆ ಒಂದು ಕಡ್ಡಿ ಅಳಿಸಿದೆ.

ಇಪ್ಪತ್ಮೂರು ಕಡ್ಡಿಯ ಸರಿಯಾದ ಬುಟ್ಟಿಯ ಚಿತ್ರವನ್ನು ಅಮ್ಮನಿಗೂ ಹೇಳದೆ ಹಿಂದಿನ ದಿನವೇ ಸಂಘಕ್ಕೆ ಕಳಿಸಿದ್ದೆ.