ಜೇನುಬಣ್ಣದ ಆಯಿಲ್

ಕಪ್ಪಾಗಿರಬೇಕಿತ್ತಲ್ಲ? ಎಂಟು ವರ್ಷ ನಿಂತಲ್ಲೇ ನಿಂತ ಕಾರು. ತಳದ ಬೋಲ್ಟು ಬಿಚ್ಚಿದರೆ ಡಾಂಬರಿನಂಥ ಕೊಳಕು ಇಳಿಯಬೇಕು. ಇಳಿದದ್ದು ಜೇನಿನ ಬಣ್ಣದ್ದು. ಸದ್ದಿಲ್ಲದೆ, ಮಡಿಕೆ ಮಡಿಕೆಯಾಗಿ, ತಟ್ಟೆಗೆ ಬೀಳುತ್ತಿತ್ತು.

ನೆವ್ ಕಾರಿನಡಿ ಅಂಗಾತ ಮಲಗಿಯೇ ಬೆರಳೊಡ್ಡಿದ. ಉಜ್ಜಿ ನೋಡಿದ. ಹೊಸ ಆಯಿಲ್. ಫಿಲ್ಟರ್ ಮುಟ್ಟಿದ. ಅದರ ಮೇಲೆ ಧೂಳಿನ ಕಣವೂ ಇರಲಿಲ್ಲ.

ಕಾರು ಮಗ ಟ್ರೆಂಟನದು. ಶನಿವಾರ ಕೊಳ್ಳುವವನು ಬರುತ್ತಾನೆ. ಅದೇ ಶನಿವಾರ ಹೆಂಡತಿ ಗ್ಲೆನಿಸ್ ಅಡಿಲೇಡಿನ ತಂಗಿಯ ಮನೆಗೆ ಹೊರಟಿದ್ದಾಳೆ. "ಸ್ವಲ್ಪ ದಿನ ಇದ್ದು ಬರ್ತೀನಿ" ಎಂದಿದ್ದಳು. ಸ್ವಲ್ಪ ದಿನಕ್ಕೆ ಹೋಗುವವರು ಚಳಿಗಾಲದ ಬಟ್ಟೆಯ ಜೊತೆ ಬೇಸಿಗೆಯದನ್ನೂ ತುಂಬಿಕೊಳ್ಳುವುದಿಲ್ಲ. ಹೋಗಬೇಡ ಎನ್ನುವ ಮಾತು ನೆವ್‌ನ ಗಂಟಲಿಗೆ ಬಂದು ಬಂದು ಅಲ್ಲೇ ಇಂಗಿತ್ತು.

ಆ ಬೆಳಿಗ್ಗೆ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಮಾಲೀಕ ಬ್ಯಾರಿ ಅವನನ್ನು ಕಂಡು ಹುಬ್ಬೇರಿಸಿದ್ದ.

"ಬದುಕಿದೀಯಾ ನೆವ್? ಎಷ್ಟು ವರ್ಷ ಆಯ್ತು ನೀನು ಈ ಕಡೆ ಬಂದು! ನಿನ್ನ ಮಣ್ಣಿಗೆ ನನ್ನನ್ನ ಕರೀಲೇ ಇಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೆ."

"ಆಯಿಲ್ ಕೊಡು. ಟ್ರೆಂಟನ ಕಾರಿಗೆ."

ಬ್ಯಾರಿಯ ನಗು ಅಡಗಿತು. "ತೆಳೂದಾ, ಮಂದದ್ದಾ?"

"ಕಾರಿನ ಪುಸ್ತಕದಲ್ಲಿ ಬರೆದಿರೋದು. ತೆಳೂದು."

"ಮೂರು ಲಕ್ಷ ಕಿಲೋಮೀಟರ್ ಓಡಿರೋ ಮುದಿ ಎಂಜಿನ್ ಮಾರಾಯ. ಮಂದದ್ದು ಹಾಕಿದ್ರೆ ಕಟಕಟ ಅನ್ನೋದು ನಿಲ್ಲುತ್ತೆ. ನಿನ್ನ ಮಗ ಇದ್ದಿದ್ರೆ..." ಎಂದವನು ತಟ್ಟನೆ ಕಪಾಟಿನ ಕಡೆ ತಿರುಗಿದ.

ಮಗ ಇದ್ದಿದ್ದರೆ ಮಂದದ್ದೇ ಎನ್ನುತ್ತಿದ್ದ. ಎಂಟು ವರ್ಷದ ಹಿಂದೆ, ಜೂನ್ ಒಂಬತ್ತರಂದು ಅಪ್ಪ ಮಗ ಜಗಳವಾಡಿದ್ದೇ ಅದಕ್ಕೆ. "ನಿನ್ನಿಷ್ಟ ಬಂದದ್ದು ಸುರ್ಕೋ, ನನ್ನನ್ನ ಕೇಳ್ಬೇಡ" ಎಂದು ನೆವ್ ಸ್ಪ್ಯಾನರ್ ಎಸೆದು ಒಳಗೆ ಹೋಗಿದ್ದ. ಟ್ರೆಂಟ್ ಕಾರನ್ನು ಷೆಡ್ಡಿನಲ್ಲೇ ಬಿಟ್ಟು, ಗೆಳೆಯನ ಯೂಟ್ ಟ್ರಕ್ಕು ಹತ್ತಿದ್ದ. ಗೋಧಿ ತುಂಬಿಡುವ ಸೈಲೋ ಗೋಪುರ ದಾಟಿ, ರೈಲು ಹಳಿಯ ಬಳಿ ಅದು ಮಗುಚಿತು.

ಕಾರು ಉಳಿಯಿತು, ಹಳೆಯ ಆಯಿಲ್ ಸಮೇತ. ಗ್ಲೆನಿಸ್ ಗಂಡನನ್ನು ಒಂದು ಮಾತೂ ಬೈಯಲಿಲ್ಲ. ಮಗನ ಹೆಸರೆತ್ತುವುದನ್ನು ಬಿಟ್ಟಳು, ಅಷ್ಟೆ. ಮನೆಯಲ್ಲಿ ಗಡಿಯಾರದ ಸದ್ದು ಜೋರಾಯಿತು.

ಈಗ ತಟ್ಟೆಯಲ್ಲಿ ತುಂಬುತ್ತಿದ್ದದ್ದು ಮಂದದ್ದು. ಟ್ರೆಂಟ್ ಬೇಕೆಂದಿದ್ದ ಆಯಿಲ್.

ಕಾರಿನ ಪಕ್ಕ ಯಾರೋ ನಿಂತಂತಾಯಿತು. ನೆವ್ ತಲೆ ಹೊರಳಿಸಿದ. ಸಿಮೆಂಟು ನೆಲ. ಬಾಗಿಲಿನಿಂದ ಉದ್ದಕ್ಕೆ ಬಿದ್ದ ಚಳಿಗಾಲದ ಬಿಸಿಲು. ಯಾರ ಕಾಲೂ ಇಲ್ಲ.

ನಿಧಾನವಾಗಿ ಬುದ್ಧಿ ತಿಳಿಯಾಯಿತು. ಷೆಡ್ಡಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಅವನಲ್ಲದಿದ್ದರೆ ಅವಳು. ಆ ದಿನದ ಜಗಳ ಅಡುಗೆಮನೆಯ ಕಿಟಕಿಗೆ ಕೇಳಿಸಿರಲೇಬೇಕು. ಇನ್ನು, ಯಾವಾಗ ಎನ್ನುವುದಕ್ಕೂ ಉತ್ತರವಿತ್ತು. ಪ್ರತಿ ವರ್ಷ ಜೂನ್ ಒಂಬತ್ತರಂದು ನೆವ್ ಬೆಳಕು ಹರಿಯುವ ಮುಂಚೆ ಸದ್ದಿಲ್ಲದೆ ಎದ್ದು, ನಾಲ್ಕು ಕಿಲೋಮೀಟರ್ ನಡೆದು, ಆ ಹಳಿಯ ಪಕ್ಕ ಮಧ್ಯಾಹ್ನದವರೆಗೆ ಕೂತು ಬರುತ್ತಿದ್ದ. ಎಲ್ಲಿಗೆ ಎಂದು ಅವನು ಹೇಳಿರಲಿಲ್ಲ. ಅವಳು ಕೇಳಿರಲಿಲ್ಲ. ಹದಿನೈದು ದಿನದ ಹಿಂದೆಯೂ ಹೋಗಿ ಬಂದಿದ್ದ.

ಚಕ್ರಕ್ಕೆ ಗಾಳಿ ಹಾಕಲೂ ಅವನನ್ನೇ ಕರೆಯುವ ಗ್ಲೆನಿಸ್, ಈ ತಣ್ಣನೆಯ ನೆಲದ ಮೇಲೆ ಮಲಗಿ, ಸತ್ತ ಮಗ ಕೇಳಿದ್ದನ್ನು ವರ್ಷ ವರ್ಷ ತುಂಬುತ್ತಿದ್ದಳೆ? ಒಬ್ಬಳೇ?

ನೆವ್ ಕಾರಿನಡಿಯಿಂದ ಹೊರಬಂದ. ಈ ಸಲ ಮಾತನ್ನು ನುಂಗಬಾರದು. ಅವಳ ಕೈ ಹಿಡಿದು ಕ್ಷಮೆ ಕೇಳಬೇಕು.

ಸೂಟ್‌ಕೇಸ್ ಹಿಂಬಾಗಿಲ ಬಳಿ ನಿಂತಿತ್ತು. ಗ್ಲೆನಿಸ್ ಆರಿದ ಟೀ ಮುಂದಿಟ್ಟುಕೊಂಡು ಮೇಜಿನ ಬಳಿ ಕೂತಿದ್ದಳು. ಅವನ ಆಯಿಲ್ ಮೆತ್ತಿದ ಕೈಗಳನ್ನು ನೋಡಿದಳು. ಮುಖ ಮೆತ್ತಗಾಯಿತು.

"ಗ್ಲೆನ್, ಆ ಆಯಿಲ್..."

"ಗೊತ್ತು."

"ಎಂಟು ವರ್ಷದಿಂದಾನಾ?"

"ಎಂಟು ವರ್ಷದಿಂದ. ಬಾಯಿ ಬಿಟ್ಟು ಹೇಳಿದ್ರೆ ಕೆಟ್ಟೋಗುತ್ತೇನೋ ಅಂತ ಸುಮ್ನಿದ್ದೆ."

ನೆವ್ ಕುರ್ಚಿ ಎಳೆದು ಕೂತ. ಕಣ್ಣು ಮಂಜಾಗಿತ್ತು. "ಒಬ್ಬರಿಗೊಬ್ಬರು ಹೇಳ್ಕೋಬೇಕಿತ್ತು."

"ನಿನ್ನ ಬಾಯಲ್ಲಿ ಮಾತು ಬರೋದನ್ನ ಕಾಯ್ತಾ ಕೂತಿದ್ರೆ ನಾನು ಯಾವಾಗ್ಲೋ ಹೋಗಿರ್ತಿದ್ದೆ." ಅವಳು ಅಳುತ್ತಲೇ ನಕ್ಕಳು. "ಆ ಷೆಡ್ಡಿಗೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ ನೆವ್. ನನ್ನ ಕೈಲಿ ಆಗ್ಲಿಲ್ಲ. ಆದ್ರೆ ಪ್ರತಿ ಒಂಬತ್ತನೇ ತಾರೀಕು ಹಾಸಿಗೇಲಿ ಬಿದ್ಕೊಂಡು ಕೇಳಿಸ್ಕೋತಿದ್ದೆ. ಸ್ಪ್ಯಾನರ್ ಸದ್ದು. ಡಬ್ಬಿಯಿಂದ ಸುರಿಯೋ ಗುಳುಗುಳು. ಬಾನೆಟ್ ಮೆಲ್ಲಗೆ ಮುಚ್ಚೋದು, ನಾನು ಎಚ್ಚರ ಆಗ್ಬಾರದು ಅನ್ನೋ ಹಾಗೆ. ಅವತ್ತು ಮಗನಿಗೆ ಬೇಡ ಅಂದಿದ್ದನ್ನ ಈ ಮನುಷ್ಯ ವರ್ಷಾ ವರ್ಷಾ ಮಾಡ್ತಿದಾನಲ್ಲ ಅನ್ನಿಸೋದು. ಬಿಟ್ಟು ಹೋಗೋಕೆ ಕಾಲೇ ಬರ್ತಿರಲಿಲ್ಲ. ಕಾರು ಮಾರ್ತೀನಿ ಅಂದ್ಯಲ್ಲ, ಇನ್ನೇನು ಉಳೀತು ಅಂತ ಬಟ್ಟೆ ತುಂಬ್ದೆ."

ನೆವ್ ಹೊರಗೆ ನೋಡಿದ. ಕಿಟಕಿಯಾಚೆ ಷೆಡ್ಡಿನ ಬಾಗಿಲು ತೆರೆದೇ ಇತ್ತು.

"ಮಾರ್ಬೇಡ" ಎಂದಳು ಗ್ಲೆನಿಸ್. "ಟ್ರೆಂಟನ ಕಾರು ಇಲ್ಲೇ ಇರಲಿ. ನಾನೂ ಇರ್ತೀನಿ."

ಎಂಟು ವರ್ಷದ ನಂತರ ಆ ಹೆಸರು ಆ ಮನೆಯಲ್ಲಿ ಕೇಳಿಸಿತು. ಅವಳು ಎದ್ದು, ಅವನ ಹೆಗಲು ಒತ್ತಿ, ಸೂಟ್‌ಕೇಸನ್ನು ಕೋಣೆಗೆ ಎಳೆದುಕೊಂಡು ಹೋದಳು.

ಷೆಡ್ಡಿನಲ್ಲಿದ್ದವನು ತಾನಲ್ಲ ಎಂದು ನೆವ್ ಅವಳಿಗೆ ಎಂದೂ ಹೇಳಲಿಲ್ಲ.