ಬಣ್ಣ ತಿರುಗದ ಕರ್ಚೀಫು

ಅತ್ತರೂ ಯಾರಿಗೂ ಗೊತ್ತಾಗದಿರಲೆಂದು ನಿಂಬೆವ್ವ ಗದಗಿನ ಆ ಖಾನಾವಳಿಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಕೆಲಸವನ್ನೇ ಕೇಳಿ ಪಡೆದಿದ್ದಳು. ಆದರೆ ಈಗ ಅಂಗಡಿಯಲ್ಲಿ ಸಿಗುವ ಕರ್ಚೀಫುಗಳಿಗೆಲ್ಲ ಕಣ್ಣೀರಿನ ಬಗೆ ಗುರುತಿಸುವ ಡಿಎನ್‌ಎ ಎಳೆ ಸೇರಿಸಿ ನೇಯ್ದಿರುತ್ತಾರೆ. ಉಳ್ಳಾಗಡ್ಡಿಯ ಕಣ್ಣೀರಿಗೆ ಅವು ಬೆಳ್ಳಗೇ ಉಳಿಯುತ್ತವೆ, ದುಃಖದ ಕಣ್ಣೀರು ಸೋಕಿದರೆ ನೀಲಿಯಾಗುತ್ತವೆ. ನೀಲಿ ಕಂಡರೆ ಕೆಲಸದವರನ್ನು ಅಂದು ಮನೆಗೆ ಕಳಿಸಬೇಕೆಂಬ ಕಾಯಿದೆಯೂ ಇದೆ.

ನಿಂಬೆವ್ವ ಕಣ್ಣೊರೆಸಿ ಕರ್ಚೀಫನ್ನು ಗಬಕ್ಕನೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಒಡತಿ ಶಾಂತಕ್ಕ ಅದರ ನೀಲಿ ಅಂಚನ್ನು ನೋಡಿಯಾಗಿತ್ತು.

"ಮನಿಗೆ ಹೋಗಿ ಮಲಕೊ, ನಿಂಬೆವ್ವಾ."

"ಬ್ಯಾಡ್ರಿ ಅಕ್ಕಾರ. ಮನ್ಯಾಗ ಅವರ ಚಪ್ಪಲಿ ಅದಾವು, ಅವರಿಲ್ಲ. ಇಲ್ಲೇ ಇರತೀನ್ರಿ."

ಗಂಡ ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ.

ಶಾಂತಕ್ಕ ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಹಳೇ ಕರ್ಚೀಫು ತಂದಳು. ಒಗೆದೊಗೆದು ಜಾಳಾದ, ಬರೀ ಹತ್ತಿಯದು.

"ತಗೋ, ಇದು ಚಾಡಿ ಹೇಳೂದಿಲ್ಲ. ನಮ್ಮವರು ಹೋದಾಗ ನಾನೂ ಎರಡು ವರ್ಷ ಇದರಾಗ ಕಣ್ಣ ಒರಸೀನಿ."

ಶಾಂತಕ್ಕ ಅವಳ ಎದುರಿಗೇ ಈಳಿಗೆಮಣೆ ಎಳೆದುಕೊಂಡು ಕೂತಳು.

"ಅರ್ಧಾ ಉಳ್ಳಾಗಡ್ಡಿ ನನ್ನ ಕಡೆ ಸರಸು."